ಹತ್ತೂ ಬೆರಳಿಗೆ ಶಾಯಿ

“ಎಲ್ಲಿ, ಬೆರಳು ತೋರ್ಸಮ್ಮ” ಎಂದ ಮತಗಟ್ಟೆ ಅಧಿಕಾರಿ ನನ್ನ ಕೈ ನೋಡಿದವರೇ ಶಾಯಿಕಡ್ಡಿಯನ್ನು ಬಾಟಲಿಗೆ ವಾಪಸ್ ಇಟ್ಟರು. ನನ್ನ ಹತ್ತೂ ಬೆರಳು ಕಪ್ಪಗಿದ್ದವು.

ಅದು ತೊಂಬತ್ತರ ದಶಕ. ಮೈಸೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿದ್ದ ನಾನು ಜೀವನದ ಮೊದಲ ಓಟು ಹಾಕಲೆಂದೇ ಬೆಳಗಿನ ಬಸ್ಸು ಹಿಡಿದು ನಮ್ಮೂರು ಹರವೆಗೆ ಬಂದಿದ್ದೆ. ಹಿಂದಿನ ದಿನ ಲ್ಯಾಬಿನಲ್ಲಿ ಸಿಲ್ವರ್ ನೈಟ್ರೇಟ್ ಚೆಲ್ಲಿ, ಗಾಬರಿಯಲ್ಲಿ ಬರಿಗೈಯಲ್ಲೇ ಒರೆಸಿಬಿಟ್ಟಿದ್ದೆ. ಹುಣಸೇಹಣ್ಣು ಹಾಕಿ ಉಜ್ಜಿದರೂ ಕಲೆ ಹೋಗಿರಲಿಲ್ಲ.

ಬೆಳಗಿನಿಂದ ಕಿತ್ತಾಡುತ್ತಿದ್ದ ಎರಡೂ ಪಕ್ಷದ ಏಜೆಂಟರು ಆ ಕ್ಷಣದಲ್ಲಿ ಒಂದಾದರು. “ಹತ್ತು ಓಟ್ ಆಕ್ಬುಟ್ಟು ಬಂದವ್ಳೆ ಸಾ, ಬುಡ್ಬ್ಯಾಡಿ!”

ಓದಿದ ಹುಡುಗಿಯಲ್ಲವೇ, ವಿವರಿಸಲು ಹೊರಟೆ. “ಇದು ಸಿಲ್ವರ್ ನೈಟ್ರೇಟ್ ಕಲೆ, ನಿಮ್ಮ ಶಾಯಿಯಲ್ಲಿರೋದೂ ಇದೇ ಸಾರ್. ನಮ್ಮ ಲ್ಯಾಬಲ್ಲಿ ಬಾಟಲಿಗಟ್ಟಲೆ ಇದೆ.”

ಗುಂಡ್ಲುಪೇಟೆಯಿಂದ ಬಂದಿದ್ದ ಆ ಅಧಿಕಾರಿಯ ಮುಖ ಇನ್ನಷ್ಟು ಬಿಗಿಯಿತು. “ಓಹೋ, ಶಾಯೀನೂ ನೀವೇ ಮಾಡ್ಕೋತೀರಾ?”

ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಅಜ್ಜಿಯೊಬ್ಬಳಿಗೆ ತಡೆಯಲಾಗಲಿಲ್ಲ. ಒಬ್ಬ ಏಜೆಂಟನ ಕಡೆ ತಿರುಗಿ, “ಕಳ್ಳ ಓಟ್ ಆಕೋಳು ಕೈ ಮುಚ್ಕಂಡು ಬತ್ತಾಳೆ ಕಣ್ಲಾ. ಹತ್ತೂ ಬೆಳ್ಳು ಚಾಚ್ಕಂಡು ಬಂದಾಳಾ?” ಎಂದಳು.

ಇಡೀ ಸಾಲು ನಕ್ಕಿತು. ಅಧಿಕಾರಿಯೂ ನಕ್ಕು, ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಗುರುತಿಲ್ಲದ್ದನ್ನು ಖಚಿತಪಡಿಸಿಕೊಂಡರು. ಶಾಯಿ ಹಚ್ಚಲು ಜಾಗ ಹುಡುಕಿ ಹುಡುಕಿ, ಕಪ್ಪಿನ ಮೇಲೇ ಒಂದು ಗೆರೆ ಎಳೆದರು.

ಕಲೆ ಹೋಯಿತು, ಪದವಿಯೂ ಬಂತು. ಊರಿನವರ ಬಾಯಲ್ಲಿ ಮಾತ್ರ ನಾನು ಇಂದಿಗೂ ‘ಹತ್ತೋಟಿನಮ್ಮಿ’. ಚುನಾವಣೆ ಬಂದರೆ ಎಲ್ಲ ಪಕ್ಷದವರೂ ಮೊದಲು ಕೈಮುಗಿಯುವುದು ನಮ್ಮ ಮನೆ ಬಾಗಿಲಲ್ಲೇ.