ಪುರಸಭೆಯಲ್ಲಿ ಸುತ್ತಿದ ಸುರಗಿ

ಊರ ಹೆಸರು ಹೇಳುವುದಿಲ್ಲ. ವಾಡಿ, ಶಹಾಬಾದ, ಸೇಡಂ, ಚಿತ್ತಾಪುರ ಅಂತ ನಮ್ಮ ಕಡೆ ಇರುವ ನಾಲ್ಕೈದು ಊರುಗಳಲ್ಲಿ ಒಂದು ಅಂತ ತಿಳಿದುಕೊಂಡರೆ ಸಾಕು. ಹೇಳಿದೆನೋ, ನಾಳೆಯೇ ಯಾರಾದರೂ ಮನೆ ಬಾಗಿಲಿಗೆ ಬಂದು “ನಮ್ಮಪ್ಪನ ಬಗ್ಗೆ ಹಿಂಗ್ಯಾಕ ಬರದ್ರಿ ಅಕ್ಕೋರೇ?” ಎಂದು ಜಗಳ ತೆಗೆಯುತ್ತಾರೆ. ಜಗಳವೆಂದರೆ ನನಗೆ ಈಗಲೂ ಬೇಸರವಿಲ್ಲ, ಆದರೆ ದಮ್ಮು ಸಾಲುವುದಿಲ್ಲ.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂದು ಒಂದೆರಡು ವರ್ಷ ಆಗಿರಬೇಕು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಊರಿನ ಭಜನೆ, ದೊಡ್ಡಾಟ, ಹಲಗಿ ಮೇಳಗಳಿಗೆ ನಮ್ಮ ಪುರಸಭೆ ವರ್ಷಕ್ಕೊಮ್ಮೆ ಒಂದಿಷ್ಟು ಅನುದಾನ ಕೊಡುತ್ತಿತ್ತು. ಅನುದಾನಕ್ಕಿಂತ ದೊಡ್ಡ ಆಸೆ ಬೇರೆ ಇತ್ತು. ಸಮಿತಿ ಒಪ್ಪಿದ ಮೇಳಕ್ಕೆ ರಾಜ್ಯೋತ್ಸವದ ದಿನ ಪೇಟೆ ಚೌಕದ ಮಂಟಪದಲ್ಲಿ, ಇಡೀ ಊರಿನ ಮುಂದೆ, ಮೈಕಿನಲ್ಲಿ ಹಾಡುವ ಅವಕಾಶ. ಅದಕ್ಕಾಗಿ ಮಂದಿ ಸಮಿತಿಯವರ ಮನೆಗೆ ಸೀತಾಫಲದ ಬುಟ್ಟಿ ಹೊತ್ತು ತರುತ್ತಿದ್ದರು. ನನ್ನ ಮನೆಗೂ ಒಂದು ಬಂತು. ಹೊತ್ತು ತಂದವನ ತಲೆಯ ಮೇಲೇ ವಾಪಸು ಇಟ್ಟು ಕಳಿಸಿದೆ. ನನ್ನ ಮಕ್ಕಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಸಮಿತಿಯಲ್ಲಿ ನಾವು ಮೂವರು. ಅಧ್ಯಕ್ಷರು ನಿಜಾಮರ ಕಾಲದಲ್ಲಿ ನೌಕರಿಗೆ ಸೇರಿ, ಕನ್ನಡ ರಾಜ್ಯದಲ್ಲಿ ತಹಶೀಲ್ದಾರರಾಗಿ ನಿವೃತ್ತರಾದವರು. ಊರೆಲ್ಲ ಅವರನ್ನು ಸಾಹೇಬ್ರು ಅನ್ನುತ್ತಿತ್ತು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಾತು ಕಡಿಮೆ, ಇಸ್ತ್ರಿ ಮಾಡಿದ ಶೇರವಾನಿ, ಎಲ್ಲದಕ್ಕೂ ಕಾಯ್ದೆ. ಎರಡನೆಯವರು ತೊಗರಿ ಬ್ಯಾಳಿ ಮಿಲ್ಲಿನ ಸಾಹುಕಾರರು. ಹಣೆ ತುಂಬ ವಿಭೂತಿ, ದಿನಾ ಮುಂಜಾನೆ ಲಿಂಗಪೂಜೆ, ವಚನ. ಕೆಟ್ಟವರಲ್ಲ, ಆದರೆ ಬಾಯಿ ಬಿಟ್ಟರೆ ನನಗೆ ಪಿತ್ತ ಏರುತ್ತಿತ್ತು. ಮೂರನೆಯವಳು ನಾನು, ‘ಒಬ್ಬ ಮಹಿಳೆ ಇರತಕ್ಕದ್ದು’ ಎಂದು ಯಾರೋ ಮೇಲಿನವರು ಹೇಳಿದ್ದಕ್ಕೆ.

ಹಿಂದಿನ ವರ್ಷಗಳಲ್ಲಿ ಅನುದಾನ ವಶೀಲಿ ಇದ್ದವರಿಗೆ ಹೋಗುತ್ತಿತ್ತು. ಸಾಹೇಬ್ರು ಬಂದವರೇ ಒಂದು ಕಾಯ್ದೆ ಮಾಡಿದರು. “ದೇಖೋ, ಅರ್ಜಿ ನೋಡಿ ಮಾರ್ಕ್ಸ್ ಹಾಕಂಗಿಲ್ಲ. ಕಿವೀಲೆ ಕೇಳಬೇಕು, ಕಣ್ಣೀಲೆ ನೋಡಬೇಕು. ಅರ್ಜಿ ಹಾಕಿದವರು ಯಾರೇ ಇರ್ಲಿ, ಕೇಳದs ಯಾರನ್ನೂ ಹೊರಗ ಹಾಕಂಗಿಲ್ಲ.” ಹೀಗೆ ಎಲ್ಲ ಮೇಳದವರೂ ಪುರಸಭೆಯ ಹಾಲಿಗೆ ಬಂದು ನಮ್ಮ ಮುಂದೆ ಸ್ವಲ್ಪ ಹೊತ್ತು ಹಾಡಿ ಹೋಗಬೇಕು. ನಾವು ನಾಲ್ಕು ವಿಷಯಕ್ಕೆ ಮಾರ್ಕ್ಸ್ ಹಾಕಬೇಕು: ಪದ, ಶಿಸ್ತು, ವೇಷಭೂಷಣ, ಜನರಿಗೆ ಉಪಯೋಗ. ಈ ಕೊನೆಯದನ್ನು ಯಾರು ಸೇರಿಸಿದರೋ ಶಿವನೇ ಬಲ್ಲ. ಸಾಹುಕಾರರು ಹಲಗಿ ಬಾರಿಸುವವರನ್ನು “ಇದರಿಂದ ಮಂದಿಗಿ ಏನು ಉಪಯೋಗ?” ಎಂದು ಗಂಭೀರವಾಗಿ ಕೇಳಿದರೆ, ಮೇಳದ ಹಿರಿಯ ಅಷ್ಟೇ ಗಂಭೀರವಾಗಿ “ಮಲಗಿದವರು ಎದ್ದೇಳ್ತಾರ್ರಿ ಸಾಹುಕಾರ್ರ” ಅಂದ. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಪೂರಾ ಮಾರ್ಕ್ಸ್ ಕೊಟ್ಟೆ.

ಆ ವರ್ಷ ಒಂದು ಹೊಸ ಅರ್ಜಿ ಬಂತು. ನಮ್ಮ ಓಣಿಯ ಹೆಂಗಸರದು. ಸುರಗಿ ಪದ, ಸೋಬಾನ ಪದ ಹಾಡುವ ಮೇಳ. ನಮ್ಮ ಕಡೆ ಮದುವೆಯಲ್ಲಿ ಸುರಗಿ ಸುತ್ತುವುದು ಅಂತ ಇದೆ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಕುತ್ತಿಗೆಗೆ ನೂಲು ಸುತ್ತಿ, ನಡುವೆ ಮಣೆಯ ಮೇಲೆ ಮದುಮಕ್ಕಳನ್ನು ಕೂಡಿಸಿ, ಅರಿಷಿಣ ಹಚ್ಚಿ ಹೆಂಗಸರು ಹಾಡುತ್ತಾರೆ. ಅರ್ಜಿಯ ಮೊದಲ ಹೆಸರು ನನ್ನ ಮನೆಯ ಎದುರಿನ ಹೆಂಗಸಿನದು. ಓಣಿಯ ಹುಡುಗರು ಅವಳನ್ನು ದೊಡ್ಡಾಯಿ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ನನ್ನ ಮದುವೆಯಲ್ಲಿ ಸುರಗಿ ಹಾಡಿದವಳು ಅವಳೇ. ಆ ದನಿ! ಏನು ಹೇಳಲಿ, ಹೊಸ ಮಡಕೆಯ ನೀರು ಕುಡಿದ ಹಾಗೆ ಆಗುತ್ತಿತ್ತು.

ಅವಳ ಗಂಡ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ತೀರಿಕೊಂಡ. ಅಂದಿನಿಂದ ಯಾವ ಮದುವೆಯ ಹಂದರದಲ್ಲೂ ಅವಳನ್ನು ಹಾಡಲು ಕರೆಯಲಿಲ್ಲ. ಮುತ್ತೈದೆಯಲ್ಲದವಳು ಸುರಗಿಯ ಹತ್ತಿರ ಸುಳಿಯಬಾರದಲ್ಲ! ಮದುವೆಗೆ ಹೋದರೆ ಒಳಗೆ ರೊಟ್ಟಿ ಬಡಿಯಲು ಕೂಡಿಸುತ್ತಿದ್ದರು. ಮಜಾ ಅಂದರೆ, ಹೊರಗೆ ಹಾಡುವವರು ನಡುವೆ ಪದ ಮರೆತರೆ ಒಬ್ಬಳು ಎದ್ದು ಒಳಗೆ ಓಡಿ ಬರುತ್ತಿದ್ದಳು. ಇವಳು ಹಿಟ್ಟಿನ ಕೈಯಲ್ಲೇ ಮುಂದಿನ ಸಾಲು ಪಿಸುಗುಟ್ಟಿ ಕಳಿಸಬೇಕು.

ಅರ್ಜಿ ಬರೆಸಿಕೊಳ್ಳಲು ನನ್ನ ಹತ್ತಿರ ಬಂದಾಗ ಕೇಳಿದೆ, “ನಿಮಗ ಯಾಕ ಬೇಕಾಗ್ಯದ ಇದು ದೊಡ್ಡಾಯಿ? ಮಂದಿ ಏನಾರೆ ಅಂತಾರ.”

“ಅನ್ಲಿ ಬಿಡ್ರಿ ಅಕ್ಕೋರೇ. ಮಂಟಪ ಯಾರ ಮನೀದೂ ಅಲ್ಲಲ್ಲ. ಅಲ್ಲಿ ಯಾರ ಶುಭಕ್ಕೂ ನಾ ಅಡ್ಡ ಬರಂಗಿಲ್ಲ. ಸಾಯೋದ್ರಾಗ ಒಮ್ಮಿ ಮುಂದ ಕುಂತು ಹಾಡಬೇಕು. ಒಲಿ ಮುಂದ ಕುಂತು ಹಾಡಿ ಹಾಡಿ ಸಾಕಾಗ್ಯದ.”

ಅರ್ಜಿಯ ಅಕ್ಷರಗಳನ್ನು ಎಂದೂ ಅಷ್ಟು ದುಂಡಗೆ ಬರೆದಿರಲಿಲ್ಲ.

ಅವರ ಸರದಿ ಬಂದದ್ದು ಮಧ್ಯಾಹ್ನ. ಧಗೆ, ಧೂಳು, ಮೇಲೆ ಕಿರ್ ಕಿರ್ ಎನ್ನುವ ಫ್ಯಾನು. ಆರೇಳು ಹೆಂಗಸರು ಇಳಕಲ್ ಸೀರೆ ಉಟ್ಟು, ಪುರಸಭೆಯ ಹಾಲಿಗೆ ಮೊದಲ ಸಲ ಕಾಲಿಟ್ಟವರು, ಗೋಡೆಗೆ ಒತ್ತಿ ನಿಂತರು. ದೊಡ್ಡಾಯಿ ಮುಂದೆ. ಸಾಹುಕಾರರು ಅವಳ ಬೋಳು ಹಣೆ ನೋಡಿದವರೇ ಪೆನ್ನು ಕೆಳಗಿಟ್ಟರು.

“ಸಾಹೇಬ್ರ, ಇದು ನಡಿಯಂಗಿಲ್ಲ. ಸೋಬಾನ ಪದ ಮುತ್ತೈದೇರು ಹಾಡೋದು. ಈಕೀನ ಬಿಟ್ಟು ಉಳದವರು ಹಾಡ್ಲಿ.”

ನನ್ನ ಮೈ ಉರಿದು ಹೋಯಿತು. “ಮುಂಜಾನಿ ವಚನ ಓದ್ತೀರಲ್ರಿ ಸಾಹುಕಾರ್ರ, ಅದು ಮಧ್ಯಾಹ್ನದ ತನಕನೂ ನೆನಪಿರಂಗಿಲ್ಲೇನ್ರಿ?” ಅಂದೆ. ಅವರ ಮುಖ ಕೆಂಪಾಯಿತು. ಸಾಹೇಬ್ರು ಮೇಜಿನ ಮೇಲೆ ಬೆರಳು ಬಡಿದರು. “ಕಾಯ್ದಾ ಏನದ? ಕೇಳದs ಯಾರನ್ನೂ ಹೊರಗ ಹಾಕಂಗಿಲ್ಲ. ಹಾಡ್ರಿ ತಾಯಿ. ಕೇಳಿದ ಮ್ಯಾಲ ಮಾತಾಡೋಣ.”

ದೊಡ್ಡಾಯಿ ಕೈ ಜೋಡಿಸಿದಳು. ಹಾಡಲಿಲ್ಲ. “ಯಾರಿಗಿ ಹಾಡಬೇಕ್ರಿ?”

“ನಮಗs. ಸಮಿತಿಗಿ” ಅಂದರು ಸಾಹೇಬ್ರು.

“ಹಂಗ ಬರಂಗಿಲ್ರಿ ಧಣಿ. ಸುರಗಿ ಪದ ಖಾಲಿ ಮಣೀಗಿ ಹಾಡಂಗಿಲ್ಲ, ಅದು ಕೇಡು. ಮಣೀ ಮ್ಯಾಲ ಯಾರರೆ ಕೂಡಬೇಕು. ಅವರ ಹೆಸರು ಹಿಡದು ಪದ ನಡೀಬೇಕು. ಮಂಟಪದಾಗೂ ಯಾರ್ನರೆ ಕೂಡಿಸೇ ಹಾಡ್ತೀವಿ.”

ಹಿಂದೆ ನಿಂತ ಹೆಂಗಸರೂ ಹೌದೌದು ಅಂತ ತಲೆ ಆಡಿಸಿದರು. ಈಗ ಸಾಹೇಬ್ರ ಕಾಯ್ದೆ ಒಂದು ಕಡೆ, ಹೆಂಗಸರ ಕಾಯ್ದೆ ಒಂದು ಕಡೆ. ಕೇಳದೆ ಹೊರಗೆ ಹಾಕುವಂತಿಲ್ಲ, ಕೂಡಿಸದೆ ಹಾಡುವಂತಿಲ್ಲ. ಪುರಸಭೆಯ ಗುಮಾಸ್ತ ಉತ್ಸಾಹದ ಮನುಷ್ಯ. ಇದೆಲ್ಲ ವೇಷಭೂಷಣದ ಬಾಬತ್ತಿಗೆ ಬರುತ್ತದೆಂದು ತಿಳಿದು, ನೀರಿನ ಕೋಣೆಯಿಂದ ನಾಲ್ಕು ತಂಬಿಗೆ, ಎದುರಿನ ದರ್ಜಿಯ ಅಂಗಡಿಯಿಂದ ನೂಲಿನ ಉಂಡೆ, ಜವಾನ ಕೂಡುವ ಮರದ ಮಣೆ ಎಲ್ಲ ತಂದು ಫರಸಿ ನೆಲದ ಮೇಲೆ ಜೋಡಿಸಿಬಿಟ್ಟ. “ನೀನs ಕೂಡಪ್ಪ ಮತ್ತ” ಅಂದರು ಸಾಹೇಬ್ರು. ಅವನು ಬಾಗಿಲ ತನಕ ಹಿಂದೆ ಸರಿದ. ಅವನಿಗೆ ಚಿಂಚೋಳಿ ಕಡೆಯ ಹೆಣ್ಣು ಗೊತ್ತು ಮಾಡಿದ್ದರಂತೆ. ಇಲ್ಲಿ ಸುರಗಿ ಸುತ್ತಿಸಿಕೊಂಡದ್ದು ಕೇಳಿದರೆ ಬೀಗರು ಏನಂದಾರು?

“ನಾ ಕೂಡ್ತೀನಿ” ಎಂದು ನಾನು ಎದ್ದೆ.

“ನಿಮ್ಮ ಯಜಮಾನ್ರು ಎಲ್ಲಿ ಅಕ್ಕೋರೇ?” ಅಂದಳು ದೊಡ್ಡಾಯಿ. ಯಜಮಾನ್ರು ಸಿಮೆಂಟ್ ಫ್ಯಾಕ್ಟರಿಯಲ್ಲಿ ಡ್ಯೂಟಿ ಮೇಲಿದ್ದರು. “ಜೋಡಿ ಇದ್ದವರು ಒಬ್ಬರs ಕೂಡಂಗಿಲ್ರಿ. ಇಬ್ಬರೂ ಕೂಡಬೇಕು.” ಸಾಹುಕಾರರಿಗೂ ಅದೇ ಕಥೆ. ಅವರ ಹೆಂಡತಿ ತವರಿಗೆ ಹೋಗಿದ್ದರು. ಅವರು ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು.

ಆಮೇಲೆ ಸಾಹೇಬ್ರು ಎದ್ದರು. ಶೇರವಾನಿಯ ಗುಂಡಿ ಬಿಚ್ಚಿ, ಬೂಟು ಕಳಚಿ ಬದಿಗಿಟ್ಟರು.

“ನನ್ನ ಬಾಜೂಕ ಕೂಡೋರು ಈಗ ಯಾರೂ ಇಲ್ಲ. ಯಾರ್ನೂ ಕರಸೋದು ಬೇಕಾಗಿಲ್ಲ. ನಾ ಕೂಡ್ತೀನಿ.”

“ಕೂಡ್ರಿ ಕೂಡ್ರಿ,” ಸಾಹುಕಾರರು ನಕ್ಕರು, “ಗಂಡಸರಿಗೇನದ ಇದ್ರಾಗ!”

“ಗಂಡಸರಿಗಿ ಏನೂ ಇಲ್ಲ, ಹೆಂಗಸರಿಗಿ ಎಲ್ಲಾ ಅದ!” ನನ್ನ ದನಿ ಹೊರಗಿನ ಪಡಸಾಲೆಯಲ್ಲಿ ಕುಳಿತ ಹಾರ್ಮೋನಿಯಂನವರಿಗೂ ಕೇಳಿರಬೇಕು. “ಹೆಂಡ್ತಿ ಸತ್ತವರು ಮಣೀ ಮ್ಯಾಲs ಕೂಡಬಹುದು. ಗಂಡ ಸತ್ತಾಕಿ ಬಾಜೂಕ ನಿಂತು ಹಾಡೂ ಹಾಂಗಿಲ್ಲ. ಇದು ಯಾವ ಊರ ನ್ಯಾಯರೀ?”

ಸಾಹೇಬ್ರು ಅಷ್ಟರಲ್ಲಿ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗಿತ್ತು. ನನ್ನ ಮಾತು ಕೇಳಿ ತಲೆ ತಗ್ಗಿಸಿದರು. ಎದ್ದು ಹೋಗಲಿಲ್ಲ.

ಹೆಂಗಸರು ತಂಬಿಗೆಗಳಿಗೆ ನೂಲು ಸುತ್ತಿದರು. ದೊಡ್ಡಾಯಿ ನೂಲು ಮುಟ್ಟದೆ ಒಂದು ಮಾರು ದೂರ ನಿಂತೇ ಇದ್ದಳು. ಬಗ್ಗಿ ಮೆಲ್ಲಗೆ ಕೇಳಿದಳು, “ಮನಿಯವರ ಹೆಸರೇನ್ರಿ ಧಣಿ? ಪದದಾಗ ಇಬ್ಬರ ಹೆಸರೂ ಬರಬೇಕು.”

ಸಾಹೇಬ್ರ ಹೆಂಡತಿಯ ಹೆಸರು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾಹೇಬ್ರ ಮನಿಯವರು ಅಂತಲೇ ಇದ್ದು, ಸಾಹೇಬ್ರ ಮನಿಯವರು ಅಂತಲೇ ಹೋದವರು. ಕೊನೆಗೆ ಹೇಳಿದರು. ಎಷ್ಟು ಸಣ್ಣ ದನಿಯೆಂದರೆ, ಎರಡನೆಯ ಸಲ ಹೇಳಬೇಕಾಯಿತು. ನಾನು ಇಲ್ಲಿ ಅದನ್ನು ಬರೆಯುವುದಿಲ್ಲ.

ದೊಡ್ಡಾಯಿ ಹಾಡಿದಳು. ಮೊದಲ ಸಾಲಿಗೆ ದನಿ ನಡುಗಿತು, ಎರಡನೆಯದಕ್ಕೆ ಗಟ್ಟಿಯಾಯಿತು, ಆಮೇಲೆ ಫ್ಯಾನಿನ ಸದ್ದು ಯಾರ ಕಿವಿಗೂ ಬೀಳಲಿಲ್ಲ. ಹೆಂಗಸರು ಹಿಂದಿನಿಂದ ದನಿಗೂಡಿಸಿದರು. ಪ್ರತಿ ನುಡಿಯ ಕೊನೆಗೆ ಆ ಇಬ್ಬರ ಹೆಸರು ಜೋಡಿಯಾಗಿ ಬರುತ್ತಿತ್ತು, ತಂಬಿಗೆ ಇಟ್ಟವರು ಇವರು, ನೀರು ಹೊಯ್ದವರು ಅವರು ಅಂತ. ಸಾಹೇಬ್ರ ಕಣ್ಣಿನಿಂದ ನೀರು ಇಳಿದು ಗಡ್ಡಕ್ಕೆ ಬಂತು. ಒರೆಸಿಕೊಳ್ಳಲಿಲ್ಲ. ನಾನಂತೂ ಅತ್ತೆ, ನಾಚಿಕೆ ಇಲ್ಲದೆ ಅತ್ತೆ. ಸಾಹುಕಾರರು ಕಿಟಕಿಯ ಹೊರಗೆ ನೋಡುತ್ತ ಕೂತರು.

ಪದ ಮುಗಿದರೆ ಕೂತವರಿಗೆ ಅರಿಷಿಣ ಹಚ್ಚಿ ಎಬ್ಬಿಸಬೇಕು. ಹೆಂಗಸೊಬ್ಬಳು ಸೆರಗಿನ ಗಂಟಿನಿಂದ ಅರಿಷಿಣದ ಪುಡಿ ತೆಗೆದು, ಅಂಗೈಯಲ್ಲೇ ನೀರು ಹಾಕಿ ಕಲಸಿಕೊಂಡು ಮುಂದೆ ಬಂದಳು. ಸಾಹೇಬ್ರು ಕೈ ಅಡ್ಡ ಹಿಡಿದರು.

“ಹಾಡಿದವರು ಹಚ್ಲಿ.”

“ಬ್ಯಾಡ್ರಿ ಧಣಿ,” ದೊಡ್ಡಾಯಿ ಹಿಂದೆ ಸರಿದಳು, “ನಾ ಅದನ್ನ ಮುಟ್ಟಂಗಿಲ್ಲ.”

“ನೀವು ಮುಟ್ಟಂಗಿಲ್ಲ ಅಂದ್ರ ನಾನೂ ಇಲ್ಲಿ ಕೂಡಂಗಿಲ್ಲ ತಾಯಿ. ಇಬ್ಬರದೂ ಒಂದೇ ಕಾಯ್ದಾ. ಕುಂತುಬಿಟ್ಟೀನಿ, ಈಗೇನು ಮಾಡ್ಲಿ? ನೀವು ಹಚ್ಚಿದ್ರ ಏಳ್ತೀನಿ.”

ಅವಳು ನನ್ನ ಕಡೆ ನೋಡಿದಳು. ನಾನು ಹೂಂ ಅಂದೆ. ದೊಡ್ಡಾಯಿ ಆ ಹೆಂಗಸಿನ ಅಂಗೈಯ ಅರಿಷಿಣಕ್ಕೆ ಎರಡು ಬೆರಳು ಅದ್ದಿ, ನೂಲಿನ ಮೇಲಿಂದ ಬಗ್ಗಿ, ಸಾಹೇಬ್ರ ಹಣೆಗೆ, ಎರಡು ಕೆನ್ನೆಗೆ ಹಚ್ಚಿದಳು. ಸಾಹೇಬ್ರು ಎದ್ದು ಅವಳಿಗೆ ಕೈ ಮುಗಿದರು, ಹಾಗೇ ಅರಿಷಿಣದ ಮುಖದಲ್ಲೇ ಕುರ್ಚಿಗೆ ಬಂದು ಕೂತು ಮಾರ್ಕ್ಸ್ ಹಾಕಿದರು.

ನಾನೂ ಹಾಕಿದೆ. ಸಾಹುಕಾರರು ಪೆನ್ನನ್ನು ಬಹಳ ಹೊತ್ತು ತಿರುವಿದರು. “ಬರೀ ಪದಕ್ಕ ಹಾಕ್ಲಿಕತ್ತೀನಿ, ಉಳದದ್ದಕ್ಕಲ್ಲ” ಎಂದು ಗೊಣಗಿ ಹಾಕಿದರು. ನೋಡಿದರೆ ಜನರಿಗೆ ಉಪಯೋಗ ಅನ್ನುವಲ್ಲೂ ಹಾಕಿದ್ದರು. ನಾನು ಏನೂ ಅನ್ನಲಿಲ್ಲ. ನನ್ನ ಜೀವಮಾನದಲ್ಲಿ ಬಾಯಿ ಮುಚ್ಚಿಕೊಂಡಿದ್ದ ಕೆಲವೇ ಸಂದರ್ಭಗಳಲ್ಲಿ ಅದೊಂದು.

ಗುಮಾಸ್ತ ಎಲ್ಲರ ಮುಂದೆ ಓದಿ ಹೇಳಿದ: ಸುರಗಿ ಪದದ ಮೇಳ ಒಪ್ಪಿಗೆ, ರಾಜ್ಯೋತ್ಸವಕ್ಕೆ ಮಂಟಪದಲ್ಲಿ ಹಾಡತಕ್ಕದ್ದು, ಮುಂದಾಳು ಇಂಥವರು. ತನ್ನ ಹೆಸರು ಕೇಳಿ ದೊಡ್ಡಾಯಿ ಬೇರೆ ಯಾರನ್ನೋ ಕರೆದ ಹಾಗೆ ಹಿಂದೆ ತಿರುಗಿ ನೋಡಿದಳು.

ಹೊರಗೆ ನಳದ ಹತ್ತಿರ ಹೆಂಗಸರೆಲ್ಲ ನಗುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ ಕೈಕಾಲು ತೊಳೆದುಕೊಂಡರು. ಅವಳು ಮಾತ್ರ ಬಲಗೈಯ ಎರಡು ಬೆರಳು ಯಾವುದಕ್ಕೂ ತಾಗದ ಹಾಗೆ ಎತ್ತಿ ಹಿಡಿದು ಪಕ್ಕಕ್ಕೆ ನಿಂತಿದ್ದಳು.

“ಬರ್ರಿ ದೊಡ್ಡಾಯಿ, ನೀರ ಹಾಕ್ತೀನಿ, ಕೈ ತೊಳಕೋರಿ” ಅಂದೆ.

“ಇರ್ಲಿ ಬಿಡ್ರಿ ಅಕ್ಕೋರೇ,” ಅಂದಳು. “ರೊಟ್ಟಿ ಬಡಿಯೋ ಹೊತ್ತಿಗಿ ಹ್ಯಾಂಗೂ ತೊಳೀಬೇಕಾಗ್ತದ. ಅಲ್ಲೀ ತನಕ ಇರ್ಲಿ.”