ಹುಕ್ರಪ್ಪ ಕಡಿಯಗೊಡದ ಮುಂಡೇವು

ಹುಕ್ರಪ್ಪ ಓದಿದ್ದು ಮೂರನೆಯ ಕ್ಲಾಸು. ಆದರೆ ಹರಿಯುವ ನೀರಿನ ಮನಸ್ಸು ಓದುವುದರಲ್ಲಿ ಅವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ನಮ್ಮೂರು ಲಾಯಿಲದ ಒಳಗೆ, ಮಣ್ಣಿನ ರಸ್ತೆ ತೋಡಿಗೆ, ಅಂದರೆ ಹಳ್ಳಕ್ಕೆ, ತಾಗುವಲ್ಲಿ ಅವನ ಗದ್ದೆ. ತೊಂಬತ್ತನಾಲ್ಕರ ಮಳೆಗೆ ತೋಡು ಉಕ್ಕಿ ಗದ್ದೆಯ ಒಂದು ಮೂಲೆಯನ್ನೇ ನುಂಗಿತು. ಕಲ್ಲು ಕಟ್ಟಿಸು ಎಂದರು ಊರವರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಳೆ ಇಳಿದ ಮೇಲೆ ಮುಂಡೇವಿನ ಕಾಂಡ ಹೊತ್ತು ತಂದು ದಂಡೆಯುದ್ದಕ್ಕೂ ಊರಿದ. ಮುಂಡೇವೆಂದರೆ ಕೇದಗೆಯ ಬಳಗದ ಮುಳ್ಳೆಲೆಯ ಗಿಡ. ಅದರ ಎಲೆಯಿಂದ ನಮ್ಮಲ್ಲಿ ಚಾಪೆ ಹೆಣೆಯುತ್ತಾರೆ. ನೆಟ್ಟಗೆ ನಿಂತದ್ದನ್ನು ನೆರೆ ಕಿತ್ತೊಯ್ಯುತ್ತದೆಂದು ಅವನು ಒಂದೊಂದನ್ನೂ ನೀರು ಹೋಗುವ ದಿಕ್ಕಿಗೆ ಓರೆಯಾಗಿ ಮಲಗಿಸಿ, ಬುಡಕ್ಕೆ ಕಲ್ಲು ಹೇರಿದ. ಹತ್ತು ವರ್ಷದಲ್ಲಿ ಬೇರಿಗೆ ಬೇರು ಹೆಣೆದುಕೊಂಡು ದಂಡೆ ಗಟ್ಟಿಯಾಯಿತು. ನಡುವೆ ಹೊಂಗೆ ತಾನಾಗಿ ಎದ್ದಿತು. ಅವನ ಹೆಂಡತಿ ಸೇಸಮ್ಮ ಚಾಪೆಗೆ ಎಲೆ ಕೊಯ್ಯುತ್ತಿದ್ದದ್ದು ಅಲ್ಲಿಂದಲೇ.

ಎರಡು ಸಾವಿರದ ನಾಲ್ಕರಲ್ಲಿ, ತೋಡಿನ ದಂಡೆಗೆ ಗಿಡ ನೆಟ್ಟು ಉಳಿಸಲು ಅನುದಾನ ಬರುತ್ತದೆಂದು ಊರಲ್ಲಿ ಒಂದು ಸಮಿತಿಯಾಯಿತು. ಅಂಗಡಿಯ ಉಮ್ಮರ್ ಅದರ ಅಧ್ಯಕ್ಷ. ಯೋಜನೆಯ ಅಧಿಕಾರಿ ಬಂದು ಹೇಳಿದ್ದು ಇಷ್ಟು: ಮುನ್ನೂರು ಮೀಟರ್ ಬೋಳು ದಂಡೆ ಬೇಕು; ನೆಡುವ ಮೊದಲಿನ ಫೋಟೋ ಒಂದು, ನೆಟ್ಟ ಮೇಲಿನದ್ದು ಒಂದು. ಬೋಳು ದಂಡೆ ಬೇಕಾದಷ್ಟಿತ್ತು, ಆದರೆ ತೋಡಿನ ಮೇಲ್ಭಾಗದಲ್ಲಿ, ಬಂಡೆ ಹತ್ತಿಳಿದು ಅರ್ಧ ಗಂಟೆ ನಡೆಯಬೇಕು. ದೊಡ್ಡ ಅಧಿಕಾರಿಗಳು ನೋಡಲು ಬಂದರೆ ಅಷ್ಟು ನಡೆಯಲಾರರು. ಜೀಪು ಹೋಗುವುದು ಹುಕ್ರಪ್ಪನ ಗದ್ದೆಯ ತನಕ. ಹಾಗಾಗಿ ಅವನ ಮುಂಡೇವನ್ನು ಬೋಳಿಸಿ, ಫೋಟೋ ತೆಗೆದು, ಹೊಸ ಗಿಡ ನೆಡುವುದೆಂದು ತೀರ್ಮಾನವಾಯಿತು. ದಂಡೆ ಸರಕಾರದ್ದಾದರೂ ಪಕ್ಕದ ಗದ್ದೆಯವನ ಸಹಿ ಬೇಕಿತ್ತು.

ಉಮ್ಮರ್ ಅವನನ್ನು ಅಂಗಡಿಗೆ ಕರೆದು ಬೆಂಚಿನ ಮೇಲೆ ಕೂರಿಸಿದ.

"ನಿನ್ನ ಒಂದು ಸಹಿಗೆ ಊರಿನ ಅನುದಾನ ನಿಂತಿದೆ ಮಾರಾಯ. ಕಡಿದರೆ ಅವರೇ ಮತ್ತೆ ನೆಡ್ತಾರಲ್ಲ."

"ಇದ್ದ ಹಲ್ಲು ಕೀಳಿಸಿ ಹಲ್ಲಿನ ಸೆಟ್ಟಿಗೆ ಅರ್ಜಿ ಹಾಕುವುದಾ, ಉಮ್ಮರಾಕ?"

ಉಮ್ಮರ್ ನಕ್ಕುಬಿಟ್ಟ. ಆಮೇಲೆ ದನಿ ತಗ್ಗಿಸಿದ. "ಹಾಗಾದರೆ ಒಂದು ಕೆಲಸ ಮಾಡುವ. ಮುಂಡೇವಿನ ಎಡೆಯಲ್ಲಿ ಒಂದು ನಾಗನ ಕಲ್ಲು ಇಟ್ಟುಬಿಡು. ನಾಗಬನಕ್ಕೆ ಕತ್ತಿ ಹಾಕ್ಲಿಕ್ಕೆ ಯಾರಿಗೆ ಧೈರ್ಯ ಉಂಟು? ನಾನು ಯಾರ ಹತ್ರವೂ ಹೇಳುವುದಿಲ್ಲ."

"ಬನವಾದರೆ ನಾನೂ ಕತ್ತಿ ಹಾಕುವ ಹಾಗಿಲ್ಲ. ವರ್ಷಕ್ಕೊಮ್ಮೆ ಸವರದಿದ್ದರೆ ಮುಂಡೇವು ತೋಡನ್ನೇ ಮುಚ್ತದೆ. ಸೇಸುವಿನ ಚಾಪೆಗೆ ಎಲೆ ಯಾರು ಕೊಯ್ದು ಕೊಡ್ತಾರೆ, ನಾಗನಾ?" ಹುಕ್ರಪ್ಪ ಎದ್ದು ನಿಂತ. "ಮತ್ತೆ, ಸುಳ್ಳು ಕಲ್ಲಿಗೆ ಕೈಮುಗಿಯಲಿಕ್ಕೆ ನನ್ನಿಂದ ಆಗುವುದಿಲ್ಲ."

ಗೊತ್ತುಮಾಡಿದ ದಿನ ಜೀಪು ಬಂತು. ಕತ್ತಿ ಹಿಡಿದ ಆಳುಗಳು ರಸ್ತೆಯ ಬದಿಯಲ್ಲಿ ಕೂತು ಬೀಡಿ ಹಚ್ಚಿದರು. ಊರಿನ ಅರ್ಧ ಜನ ಅಲ್ಲಿದ್ದರು, ನಾನೂ ಇದ್ದೆ.

"ಹುಕ್ರಪ್ಪಣ್ಣನಿಗೆ ಊರಿಗಿಂತ ಮುಳ್ಳೇ ದೊಡ್ಡದು," ಎಂದ ಸಮಿತಿಯ ಶೇಷಪ್ಪ, ಎಲ್ಲರಿಗೂ ಕೇಳುವಂತೆ.

"ಹೌದು ಶೇಷಪ್ಪ," ಎಂದಳು ಸೇಸಮ್ಮ. "ನಿನ್ನ ಮದುವೆಗೆ ಹಾಸಿದ ಚಾಪೆ ಆ ಮುಳ್ಳಿನದ್ದೇ. ಚುಚ್ಚಿತಾ?"

ಅಧಿಕಾರಿ ಕಾಗದ ಚಾಚಿದರು. "ಮೇಲಿನ ಬೋಳು ದಂಡೆಯ ಹೆಸರು ಬರೆಯಿರಿ, ಸರ್. ಈಗಲೇ ಸಹಿ ಹಾಕ್ತೇನೆ. ಊರುವ ಕಾಂಡವೂ ನನ್ನದೇ, ಧರ್ಮಕ್ಕೆ," ಎಂದ ಹುಕ್ರಪ್ಪ. ಅವರು ತಲೆಯಾಡಿಸಿದರು. ಆಗುವುದಿಲ್ಲ; ಯೋಜನೆಯ ಗಿಡಗಳ ಪಟ್ಟಿಯಲ್ಲಿ ಮುಂಡೇವು ಇಲ್ಲ, ಮೇಲಿನ ದಂಡೆಗೆ ರಸ್ತೆಯೂ ಇಲ್ಲ. ಬೇಸರದಿಂದ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಒಂದು ಸಾಲು ಗೀಚಿದರು.

"ಏನು ಬರೆದಿರಿ? ಓದಿ ಹೇಳಿ."

"ರೈತರು ಸಹಕರಿಸಲಿಲ್ಲ."

"ಸರಿಯಾಗಿ ಉಂಟು. ಅದರ ಕೆಳಗೆ ಸಹಿ ಹಾಕ್ತೇನೆ, ಕೊಡಿ."

ಗದ್ದೆಯ ಸಾಲಿನ ಹಾಗೆ ಅಗಲವಾದ ಅಕ್ಷರಗಳಲ್ಲಿ, ಅವಸರವಿಲ್ಲದೆ, ಅವನು ಪೂರ್ತಿ ಹೆಸರು ಬರೆದ.

ಅನುದಾನ ಬೇರೆ ಊರಿಗೆ ಹೋಯಿತು. ಎರಡು ವರ್ಷ ಊರವರು ಬೇಸಗೆಯ ನೀರಿಗಾಗಿ ತೋಡಿಗೆ ಅಡ್ಡಲಾಗಿ ಮಣ್ಣಿನ ಕಟ್ಟ ಕಟ್ಟುವಾಗ ಅವನನ್ನು ಕರೆಯಲಿಲ್ಲ. ಅವನೂ ಯಾರ ಹೊಸಿಲಿಗೂ ಹೋಗಿ ತಲೆ ಬಾಗಿಸಲಿಲ್ಲ. ಆ ವರ್ಷವೇ ಮಳೆ ಇಳಿದ ಮೇಲೆ ಕಾಂಡದ ಹೊರೆ ಹೊತ್ತು ಮೇಲಿನ ಬೋಳು ದಂಡೆಗೆ ಹತ್ತಿದ. ಶುಕ್ರವಾರ ನಮಾಜು ಮುಗಿಸಿ, ಅಂಗಡಿ ತೆರೆಯದೆ, ಉಮ್ಮರನೂ ಒಂದು ಹೊರೆ ಹೊತ್ತ. ಮುಂದಿನ ಮಳೆಗೆ ಅರ್ಧ ಕೊಚ್ಚಿಹೋಯಿತು. ಅಧ್ಯಕ್ಷನಿಗೂ ಸಹಕರಿಸದವನಿಗೂ ಒಟ್ಟಿಗೆ ಬುದ್ಧಿ ಕೆಟ್ಟಿದೆ ಎಂದು ಜನ ನಕ್ಕರು. ಇಬ್ಬರೂ ಉಳಿದ ಅರ್ಧದಿಂದಲೇ ಕಾಂಡ ಕಡಿದು, ಮೊದಲಿಗಿಂತ ದೊಡ್ಡ ಕಲ್ಲು ಹೇರಿ, ಮತ್ತೆ ಊರಿದರು.