ಮೂಲೆ ಹರಿದ ಒಪ್ಪಿಗೆ ಪತ್ರ

ಬರುವ ಶನಿವಾರ ಶಹಾಬಾದಿನ ಕಾಲೇಜಿನಲ್ಲಿ ಹೊಸ ಸಂಶೋಧನಾರ್ಥಿಗಳ ಮುಂದೆ ನಾನು ಹತ್ತು ನಿಮಿಷ ಮಾತಾಡಬೇಕಂತೆ. ಒಪ್ಪಿಗೆ ಪತ್ರ ಪಡೆಯುವುದು ಹೇಗೆ ಎಂಬುದು ವಿಷಯ. ಹೋದ ವರ್ಷದ ತಂಡದಲ್ಲಿ ನನ್ನ ಫೈಲೇ ಎಲ್ಲಕ್ಕಿಂತ ಅಚ್ಚುಕಟ್ಟಾಗಿತ್ತು ಎಂಬ ಹೆಸರು ಅಲ್ಲಿ ಇನ್ನೂ ಉಳಿದಿದೆ. ಫೋನ್ ಮಾಡಿ ಕೇಳಿದವರಿಗೆ ಹೂಂ ಎಂದಿದ್ದೇನೆ. ಹೂಂ ಅನ್ನುವುದು ನನಗೆ ಬಹಳ ಸಲೀಸು.

ಆ ಫೈಲು ಈಗ ಮೇಜಿನ ಮೇಲಿದೆ. ಹನ್ನೆರಡು ಪತ್ರಗಳಲ್ಲಿ ಒಂದರ ಕೆಳಗಿನ ಬಲಮೂಲೆ ಹರಿದಿದೆ. ಆ ಮೂಲೆ ಇಲ್ಲದ್ದರಿಂದ ನನ್ನ ಪ್ರಬಂಧದ ಒಂದು ಅಧ್ಯಾಯವನ್ನೇ ತೆಗೆದುಹಾಕಿದ್ದೇನೆ, ಮಾರ್ಗದರ್ಶಕರು ನನ್ನ ಜೊತೆ ನೆಟ್ಟಗೆ ಮಾತಾಡಿ ತಿಂಗಳಾಯಿತು. ಅದನ್ನು ನಷ್ಟ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ನಿಜವಾದ ನಷ್ಟ ಆದದ್ದು ಒಬ್ಬ ಮುದುಕಿಗೆ, ಅದನ್ನು ಮಾಡಿದ್ದು ನಾನು.

ನಾನು ಸೇಡಂನಲ್ಲಿ ಅತಿಥಿ ಉಪನ್ಯಾಸಕಿ. ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರದ ಮೇಲೆ ಪದರ ಇಟ್ಟು ಹೊಲಿಯುವ ಹೊದಿಕೆಯ ಬಗ್ಗೆ ಬರೆಯಲು ಏನಿದೆ ಎಂದು ನಮ್ಮ ಮನೆಯಲ್ಲೇ ಮೂಗು ಮುರಿದವರಿದ್ದರು. ಏನಿದೆ ಎಂದು ನನಗೆ ತೋರಿಸಿದ್ದು ಚಿಂಚೋಳಿ ರಸ್ತೆಯ ಹಳ್ಳಿಯೊಂದರ ಆ ಮುದುಕಿ. ನಾನು ಆಯಿ ಎಂದು ಕರೆಯುತ್ತಿದ್ದೆ. ಯಾವ ಸೀರೆ ಒಳಗೆ ಹೋಗಬೇಕು, ಯಾವುದು ಮೈಗೆ ತಾಗಬೇಕು, ಬಾಣಂತಿಯ ಕೌದಿಗೆ ಹೊಲಿಗೆ ಯಾಕೆ ಒತ್ತಾಗಿರಬೇಕು, ಹೀಗೆ ಆಕೆ ಹೇಳುತ್ತ ಹೋದರೆ ನನ್ನ ನೋಟ್‌ಬುಕ್ಕಿನ ಹಾಳೆ ಸಾಲುತ್ತಿರಲಿಲ್ಲ. ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೊಲಿಯುವುದು ಬೆರಳಿನ ಅಂದಾಜಿನಲ್ಲಿ ನಡೆಯುತ್ತಿತ್ತು, ದಾರ ಪೋಣಿಸುವುದು ಮಾತ್ರ ಆಗುತ್ತಿರಲಿಲ್ಲ.

ಹೋದ ಕೂಡಲೇ, "ಬಂದ್ಯಾ ಮಗಳಾ? ಮೊದಲ ಸೂಜಿಗಿ ದಾರ ಹಾಕು. ಆಮ್ಯಾಲ ನಿನ್ನ ಪ್ರಶ್ನಿ ಕೇಳು" ಅನ್ನುತ್ತಿದ್ದಳು. ನಾನು ಏಳೆಂಟು ಸೂಜಿಗೆ ಉದ್ದುದ್ದ ದಾರ ಹಾಕಿ ಒಂದು ಬಟ್ಟೆಯ ತುಂಡಿಗೆ ಚುಚ್ಚಿಟ್ಟು ಬರುತ್ತಿದ್ದೆ. ನಾನು ಮತ್ತೆ ಹೋಗುವ ತನಕ ಆಕೆ ಅವನ್ನು ಒಂದೊಂದಾಗಿ ತೆಗೆದು ಬಳಸುತ್ತಿದ್ದಳು. ಸೊಸೆ ಹೊಲದ ಕೆಲಸಕ್ಕೆ ಹೋಗುವವಳು, ಅವಳನ್ನು ಯಾಕೆ ಕಾಡಬೇಕು ಎಂಬುದು ಆಕೆಯ ಲೆಕ್ಕ.

ಹೀಗೆ ಎರಡು ವರ್ಷ ನಡೆದ ಮೇಲೆ ಆ ತರಬೇತಿ ಬಂತು. ಸಂಶೋಧನಾರ್ಥಿಗಳಿಗೆ ವೃತ್ತಿ ಮತ್ತು ವ್ಯಕ್ತಿತ್ವ ಕೌಶಲ ತರಬೇತಿ, ಮೂರು ಶನಿವಾರ, ಶಹಾಬಾದಿನಲ್ಲಿ. ಅದರ ಪ್ರಮಾಣಪತ್ರ ಇಲ್ಲದೆ ಪ್ರಬಂಧ ಸಲ್ಲಿಸುವಂತಿಲ್ಲ. ಸೇಡಂನಿಂದ ರೈಲು ಹತ್ತಿ, ವಾಡಿಯಲ್ಲಿ ಇಳಿದು ಇನ್ನೊಂದು ರೈಲಿಗೆ ಕಾದು, ಸಿಮೆಂಟಿನ ಧೂಳು ಕೂತ ಬೇವಿನ ಗಿಡಗಳನ್ನು ನೋಡುತ್ತ ಹೋಗುವಾಗ ನನಗೆ ಸಿಟ್ಟೇ ಬಂದಿತ್ತು. ಮದುವೆಯಾಗಿ, ಮಕ್ಕಳಾಗಿ, ತರಗತಿಯಲ್ಲಿ ಎಂಬತ್ತು ಹುಡುಗರನ್ನು ಸುಮ್ಮನೆ ಕೂರಿಸುವ ನನಗೆ ಇವರು ವ್ಯಕ್ತಿತ್ವ ಕಲಿಸುತ್ತಾರಾ ಎಂದು ದಾರಿಯುದ್ದಕ್ಕೂ ಗೊಣಗಿದೆ.

ತರಬೇತಿ ಕೊಟ್ಟವರು ಮೆಲುದನಿಯ ಒಬ್ಬ ಪ್ರಾಧ್ಯಾಪಕಿ. ಮಾರ್ಗದರ್ಶಕರಿಗೆ ಇಮೇಲ್ ಬರೆಯುವುದು, ಮೂರು ನಿಮಿಷದಲ್ಲಿ ಪ್ರಬಂಧದ ತಿರುಳು ಹೇಳುವುದು, ವಾರದ ಕೆಲಸಕ್ಕೆ ಪಟ್ಟಿ ಹಾಕಿಕೊಳ್ಳುವುದು, ಎಲ್ಲ ಇತ್ತು. ಕೇಳಿಸಿಕೊಳ್ಳುವ ಕೌಶಲ ಎಂದು ಒಂದು ಆಟವನ್ನೂ ಆಡಿಸಿದರು. ಇಬ್ಬಿಬ್ಬರು ಎದುರುಬದುರು ಕೂರಬೇಕು, ಒಬ್ಬರು ಮಾತಾಡುವಾಗ ಇನ್ನೊಬ್ಬರು ತುಟಿ ಬಿಚ್ಚಬಾರದು. ನಾನು ಅದರಲ್ಲಿ ಬಹಳ ಚೆನ್ನಾಗಿ ಮಾಡಿದೆ ಎಂದು ಬೆನ್ನು ತಟ್ಟಿಸಿಕೊಂಡೆ.

ಮೊದಲ ಶನಿವಾರದ ಕೊನೆಗೆ ಅವರು ಒಪ್ಪಿಗೆ ಪತ್ರದ ಮಾತು ತೆಗೆದರು. ನಾವು ಯಾರ ಮಾತನ್ನು ಪ್ರಬಂಧದಲ್ಲಿ ಬಳಸುತ್ತೇವೋ ಅವರಿಗೆಲ್ಲ ವಿಷಯ ತಿಳಿಸಿ ಸಹಿ ಪಡೆದಿರಬೇಕು, ಮುಂದಿನ ವಾರ ಫೈಲು ತರಬೇಕು ಎಂದರು. ನನ್ನ ಬಳಿ ಒಂದೇ ಒಂದು ಸಹಿಯೂ ಇರಲಿಲ್ಲ. ಹನ್ನೆರಡು ಹೆಣ್ಣುಮಕ್ಕಳು, ಐದು ಹಳ್ಳಿ, ಆರು ದಿನ.

ಹನ್ನೊಂದು ಜನರದ್ದು ಬೇಗ ಆಯಿತು. ಓದು ಬಂದವರು ಸಹಿ ಮಾಡಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಕಾಗದದಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಓದಲಿಲ್ಲ. ಶುಕ್ರವಾರ ಮಧ್ಯಾಹ್ನ ಕೊನೆಯವಳಾಗಿ ಆಯಿಯ ಮನೆಗೆ ಹೋದೆ. ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಸೇಡಂ ಸೇರುವುದು ಕಷ್ಟ. ಮೊದಲ ಸಲ ಸೂಜಿಯ ಬದಲು ಮಸಿಯ ಡಬ್ಬಿ ತೆಗೆದೆ.

ಆಯಿ ಕೈ ಹಿಂದೆ ಎಳೆದುಕೊಂಡಳು. "ಹೆಬ್ಬೆಟ್ಟು ಕೇಳಬ್ಯಾಡ ಮಗಳಾ. ಬೇಕಂದ್ರ ಇನ್ನೂ ನಾಕು ಮಾತು ಕೇಳು, ಹೇಳ್ತೀನಿ."

"ಇದು ಸುಮ್ಮ ಕಾಲೇಜಿನ ಕಾಗದ ಆಯಿ. ಏನಿಲ್ಲ ಇದರಾಗ" ಅಂದೆ.

"ಏನಿಲ್ಲಂದ್ರ ಹೆಬ್ಬೆಟ್ಟು ಯಾಕ ಬೇಕು?"

ಆಮೇಲೆ ಗಂಡನ ಕಥೆ ಹೇಳಿದಳು. "ನಮ್ಮ ಮನಿಯವ್ರು ಒಂದು ಕಾಗದಕ್ಕ ಹೆಬ್ಬೆಟ್ಟು ಒತ್ತಿದ್ರು. ಬಾವಿ ಮಂಜೂರಿ ಕಾಗದ ಅಂದಿದ್ದ ಊರಾಗಿನ ದಲಾಲಿ. ಮರುವರ್ಷ ನಮ್ಮ ಹೊಲದಾಗ ಕಲ್ಲು ತೆಗ್ಯಾಕ ಮಷೀನ್ ಬಂತು. ಅವತ್ತಿನಿಂದ ಈ ಮನ್ಯಾಗ ಯಾರೂ ತಿಳೀಲಾರದ ಕಾಗದ ಮುಟ್ಟಂಗಿಲ್ಲ."

ಇಷ್ಟು ಕೇಳಿದ ಮೇಲಾದರೂ ನಾನು ಕಾಗದ ಓದಿ ಹೇಳಬೇಕಿತ್ತು. ನಾನು ಗಡಿಯಾರ ನೋಡಿದೆ. ಮೂರೂವರೆ ದಾಟಿತ್ತು. ನನ್ನ ಅಧ್ಯಾಯಗಳಲ್ಲಿ ಒಂದು ಪೂರ್ತಿಯಾಗಿ ಈಕೆಯ ಮಾತಿನ ಮೇಲೆ ನಿಂತಿತ್ತು. ನನ್ನ ಮುಖ ಆಕೆಗೆ ಕಾಣುತ್ತಿರಲಿಲ್ಲ, ಅವಸರ ಮಾತ್ರ ಕೇಳಿಸಿರಬೇಕು. ಆಕೆಯೇ ಕೇಳಿದಳು, "ಚಿಂಚೋಳ್ಯಾಗ ಕಣ್ಣಿನ ಶಿಬಿರ ಅದಂತ. ಹೆಸರು ಬರಕೊಳ್ಳಾಕ ಬರ್ತಾರಂತ ದವಾಖಾನಿ ಆಶಾ ಬಾಯಿ ಹೇಳ್ಯಾಳ. ಇದು ಆ ಕಣ್ಣಿನ ಕಾಗದ ಏನು?"

ನಾನು ಹೂಂ ಅಂದೆ.

ಯೋಚಿಸಿ ಅನ್ನಲಿಲ್ಲ ಎಂದು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಸುಳ್ಳು. ಯೋಚಿಸಲು ನನಗೆ ಸಮಯವಿತ್ತು, ಆಕೆ ಎರಡು ಸಲ ಕೇಳಿದಳು, ನಾನು ಎರಡು ಸಲ ಹೂಂ ಅಂದೆ. ಆಯಿಯ ಮುಖ ಅರಳಿತು. "ಮೊದಲೇ ಹೇಳಬಾರದೇನ ಹುಚ್ಚಿ" ಎಂದು ಕೈ ಮುಂದೆ ಚಾಚಿದಳು. ನಾನೇ ಹೆಬ್ಬೆರಳು ಹಿಡಿದು ಮಸಿಗೆ ಅದ್ದಿ ಒತ್ತಿಸಿದೆ. ಬೆರಳಿನ ಮಸಿಯನ್ನು ಆಕೆ ತಲೆಗೂದಲಿಗೆ ಒರೆಸಿಕೊಂಡಳು. ಬೆಳ್ಳಗಿನ ಬೈತಲೆಯ ಪಕ್ಕ ಒಂದು ನೀಲಿ ಗೆರೆ ಮೂಡಿತು. ನಾನು ಅವತ್ತು ಒಂದು ಸೂಜಿಗೂ ದಾರ ಹಾಕದೆ ಬಸ್ಸಿಗೆ ಓಡಿದೆ.

ಮರುದಿನ ಪ್ರಾಧ್ಯಾಪಕಿ ನನ್ನ ಫೈಲನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಹೆಬ್ಬೆಟ್ಟಿನ ಗೆರೆಗಳು ಕೂಡ ಎಷ್ಟು ಸ್ಪಷ್ಟವಾಗಿವೆ ನೋಡಿ, ಕ್ಷೇತ್ರಕಾರ್ಯದಲ್ಲಿ ವಿಶ್ವಾಸ ಗಳಿಸುವುದೆಂದರೆ ಇದು ಎಂದರು. ಅವರು ಹಿಡಿದಿದ್ದ ಹಾಳೆ ಆಯಿಯದ್ದು. ಚಿತ್ತಾಪುರದಿಂದ ಬಂದ ಹುಡುಗಿಯೊಬ್ಬಳು ಊಟದ ಹೊತ್ತಿಗೆ ನನ್ನ ಹತ್ತಿರ ಕೂತು ಹೇಗೆ ಮಾಡಿದಿರಿ ಅಕ್ಕ ಎಂದು ಕೇಳಿದಳು. ಅವಳಿಗೆ ನಾನು ಅದೂ ಇದೂ ಉಪದೇಶ ಮಾಡಿದ್ದು ನೆನಪಿದೆ.

ಆಮೇಲೆ ಏಳು ತಿಂಗಳು ನಾನು ಆ ಹಳ್ಳಿಯ ಕಡೆ ಹೋಗಲಿಲ್ಲ. ಅಧ್ಯಾಯ ಬರೆಯುವುದಿತ್ತು, ಪರೀಕ್ಷೆಯ ಪೇಪರ್ ತಿದ್ದುವುದಿತ್ತು. ಸೊಸೆಯ ನಂಬರಿನಿಂದ ಎರಡು ಸಲ ಕರೆ ಬಂದಿತ್ತು. ಪುರಸೊತ್ತು ಮಾಡಿಕೊಂಡು ಮಾಡಿದರಾಯಿತು ಎಂದು ಬಿಟ್ಟೆ, ಮಾಡಲೇ ಇಲ್ಲ. ಕೊನೆಗೆ ಪ್ರಬಂಧಕ್ಕೆ ಕೌದಿಯ ಫೋಟೊ ಬೇಕಾಗಿ ಹೋದೆ.

ಆಯಿ ಗೋಡೆಗೆ ಒರಗಿ ಕೂತಿದ್ದಳು. ಎಡಗಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡಿದ್ದಳು. ಸೊಸೆ "ಕುಂದ್ರಿ ಮೇಡಮ್" ಎಂದು ಚಾಪೆ ಹಾಸಿ, ಚಹಾಕ್ಕಿಡುವ ನೆಪದಲ್ಲಿ ನನ್ನನ್ನು ಒಲೆಯ ಹತ್ತಿರ ಕರೆದು ಮೆಲ್ಲಗೆ ಕೇಳಿದಳು, "ನಿಮ್ಮ ಜೀಪು ಯಾವಾಗ ಬರ್ತದ್ರಿ?"

"ಯಾವ ಜೀಪು?" ಅಂದೆ.

ಅವಳು ಹೇಳಿದ್ದು ಇಷ್ಟು. "ಆಶಾ ಬಾಯಿ ಹೆಸರು ಬರಕೊಳ್ಳಾಕ ಬಂದಾಗ ಅತ್ತಿ ಬ್ಯಾಡಂದಳ್ರಿ. ನಂದು ಆಗ್ಯಾದ, ನಮ್ಮ ಮೇಡಮ್ ಹೆಬ್ಬೆಟ್ಟು ತಗೊಂಡು ಹೋಗ್ಯಾಳ, ನನ್ನ ಜಾಗಾದಾಗ ಇನ್ನೊಬ್ಬರದು ಬರಕೋ ಅಂದಳು. ಶಿಬಿರದ ಜೀಪು ಬಂದ ದಿನ ಒಗೆದ ಸೀರಿ ಉಟ್ಟು, ಚೀಲ ಹಿಡಕೊಂಡು ಕಟ್ಟಿ ಮ್ಯಾಲ ಕುಂತಿದ್ದಳು. ಲಿಸ್ಟಿನಾಗ ಹೆಸರಿಲ್ಲಂದ್ರು. ಆಶಾ ಬಾಯಿ ಮುಂದಿನ ಶಿಬಿರಕ್ಕರ ಹೆಸರು ಕೊಡು ಆಯಿ ಅಂದಳ್ರಿ. ಅತ್ತಿ ಕೇಳಲಿಲ್ಲ. ಇದು ಬ್ಯಾರೆ ಜೀಪು, ನಮ್ಮ ಮೇಡಮ್ಮಂದು ಬ್ಯಾರೆ ಬರ್ತದ ಅಂತ ಚೀಲ ಹಂಗೇ ಗೂಟಕ್ಕ ಹಾಕ್ಯಾಳ. ಎರಡು ಸಲ ಫೋನ್ ಹಚ್ಚಿದೆವ್ರಿ, ನೀವು ಎತ್ತಲಿಲ್ಲ."

ಚೀಲ ಗೂಟದಲ್ಲಿತ್ತು. ನಾನು ಫೋಟೊ ತೆಗೆಯಲಿಲ್ಲ. ಮರುದಿನ ಬೆಳಿಗ್ಗೆಯೇ ಬಾಡಿಗೆ ಗಾಡಿ ಮಾಡಿಕೊಂಡು ಬಂದು ಆಯಿಯನ್ನು ಕಲಬುರಗಿಗೆ ಕರೆದುಕೊಂಡು ಹೋದೆ. ಗಾಡಿ ಬಂದಾಗ ಆಕೆ ಸೊಸೆಗೆ, "ನೋಡು, ಬಂತಿಲ್ಲೋ?" ಅಂದದ್ದು ನನ್ನ ಕಿವಿಗೆ ಬಿತ್ತು.

ಬಲಗಣ್ಣಿನ ಆಪರೇಷನ್ ಆಯಿತು, ದೃಷ್ಟಿ ಬಂತು. ಎಡಗಣ್ಣಿನ ಪೊರೆ ಬಲಿತು ಒಳಗೆ ಒತ್ತಡ ಏರಿ ನರ ಹೋಗಿದೆ, ಅದರಲ್ಲಿ ಇನ್ನು ಬೆಳಕು ಬರುವುದಿಲ್ಲ ಎಂದರು ಡಾಕ್ಟರು. ಶಿಬಿರದ ಹೊತ್ತಿಗೇ ಬಂದಿದ್ದರೆ ಎಂದು ಕೇಳಿದೆ. ಉಳಿಯುತ್ತಿತ್ತೋ ಏನೋ ಅಂದರು. ಆ ಏನೋ ಎಂಬುದನ್ನು ಹಿಡಿದುಕೊಂಡು ಕೆಲವು ದಿನ ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಊಟಕ್ಕೆ ಕೂತರೆ ಗೂಟದ ಚೀಲ ಕಣ್ಣ ಮುಂದೆ ಬರುತ್ತಿತ್ತು. ಅದಕ್ಕಿಂತ ಕಷ್ಟದ್ದು ಆಯಿಯ ಮೆಚ್ಚುಗೆ. ಓಣಿಯವರಿಗೆಲ್ಲ ಆಕೆ ನನ್ನನ್ನು ಹೊಗಳುತ್ತಿದ್ದಳು, ಹೆಬ್ಬೆಟ್ಟು ತಗೊಂಡು ಕೊಟ್ಟ ಮಾತು ಉಳಿಸಿಕೊಂಡಳು ಎಂದು.

ತಿಂಗಳು ಕಳೆದ ಮೇಲೆ ಆ ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಆಯಿ ಪಡಸಾಲೆಯ ಪರಸಿಕಲ್ಲಿನ ನೆಲದ ಮೇಲೆ ಕೌದಿ ಹರಡಿಕೊಂಡಿದ್ದಳು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ.

"ಆಯಿ, ಅವತ್ತು ನಾ ತಗೊಂಡ ಹೆಬ್ಬೆಟ್ಟು ಕಣ್ಣಿನ ಕಾಗದದ್ದಲ್ಲ. ನನ್ನ ಓದಿನ ಕಾಗದ ಅದು. ನಾ ಸುಳ್ಳು ಹೇಳಿದೆ. ನಿನ್ನ ಕಣ್ಣು ನನ್ನಿಂದ ಹೋತು" ಅಂದೆ.

ಆಕೆಯ ಕೈ ಹೊಲಿಗೆಯ ಮೇಲೆ ನಿಂತಿತು. ಬೈಯಲಿ ಎಂದು ಕಾದೆ. ಆಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ಕಾಗದ ತಂದೀಯೇನು? ಏನ್ ಬರದದ ಓದು" ಅಂದಳು.

ಓದಿದೆ. ಈ ಅಧ್ಯಯನದ ಉದ್ದೇಶವನ್ನು ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ. ನಾನು ಹೇಳಿದ ಮಾತುಗಳನ್ನು ಬಳಸಲು ಯಾವ ಒತ್ತಾಯವೂ ಇಲ್ಲದೆ ಒಪ್ಪಿದ್ದೇನೆ. ಬೇಡವೆನಿಸಿದರೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು.

"ಬ್ಯಾಡಂದ್ರ ಬಿಡಬಹುದು ಅಂತ ಅದರಾಗೇ ಬರದದ?"

"ಹೂಂ ಆಯಿ."

ನನ್ನ ಹೂಂ ನಂಬುವಂಥದ್ದೇ ಎಂದು ತೂಗುವ ಹಾಗೆ ಆಕೆ ಬಲಗಣ್ಣಿನಿಂದ ನನ್ನನ್ನು ನೋಡಿದಳು. ನನ್ನ ಮುಖ ಆಕೆಗೆ ಸರಿಯಾಗಿ ಕಾಣುವಂತಾದದ್ದು ಈಗಷ್ಟೇ. ಆಮೇಲೆ ಹಾಳೆ ಇಸಿದುಕೊಂಡು, ನೀಲಿ ಗುರುತು ಹುಡುಕಿ, ಕೌದಿಗೆ ಬಟ್ಟೆ ಹರಿಯುವಷ್ಟೇ ನೀಟಾಗಿ ಆ ಮೂಲೆಯನ್ನು ಹರಿದು ತನ್ನ ಎಲೆಅಡಿಕೆಯ ಚಂಚಿಯೊಳಗೆ ಹಾಕಿಕೊಂಡಳು. ಉಳಿದ ಹಾಳೆಯನ್ನು ನನಗೆ ಕೊಟ್ಟಳು.

"ಮಾತು ಬೇಕಾದ್ರ ಇಟ್ಕೋ. ಆಡಿದ ಮಾತು ತಿರುಗಿ ಕೇಳಂಗಿಲ್ಲ ನಾ. ಹೆಬ್ಬೆಟ್ಟು ಮಾತ್ರ ನಂದು."

ಏನು ಮಾಡಬೇಕು ತಿಳಿಯದೆ, ರೂಢಿಯಿಂದ, ಸೂಜಿ ಚುಚ್ಚಿದ ಬಟ್ಟೆಯ ಕಡೆ ಕೈ ಚಾಚಿದೆ. ಆಯಿ ಅದನ್ನು ತನ್ನ ಕಡೆಗೆ ಸರಿಸಿಕೊಂಡಳು. "ಬ್ಯಾಡ. ನಾನೇ ಹಾಕ್ಕೋತೀನಿ." ಮುಖವನ್ನು ಓರೆ ಮಾಡಿ, ಇದ್ದ ಒಂದು ಕಣ್ಣನ್ನು ಸೂಜಿಯ ಹತ್ತಿರ ತಂದು ದಾರ ಹಿಡಿದಳು. ಮೊದಲ ಸಲ ತಪ್ಪಿತು. ಎರಡನೆಯ ಸಲವೂ ತಪ್ಪಿತು. ನಾನು ಕೈ ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತೆ. ಮೂರನೆಯ ಸಲ ದಾರ ದಾಟಿತು. ಅದನ್ನು ಎಳೆದುಕೊಳ್ಳುತ್ತ, ನನ್ನ ಕಡೆ ನೋಡದೆ, ಸಿಟ್ಟಿಲ್ಲದ ದನಿಯಲ್ಲಿ ಆಕೆ ಅಂದಳು:

"ಅವತ್ತೇ ಇದನ್ನ ಹಿಂಗ ಓದಿದ್ದರ ಹೆಬ್ಬೆಟ್ಟು ಹಾಕ್ತಿದ್ದೆನಲ್ಲ ಮಗಳಾ. ಹಾಕಬಾರದ್ದು ಏನದ ಇದರಾಗ?"

ಆ ಹಾಳೆ ಓದಲು ಎರಡು ನಿಮಿಷವೂ ಹಿಡಿದಿರಲಿಲ್ಲ.